ಪಂಪು ನೀರನ್ನು ಎಳೆಯುವುದಿಲ್ಲ: ತೊರಿಚೆಲ್ಲಿಯ ಪಾದರಸದ ಕೊಳವೆ ನಿಜಕ್ಕೂ ತೋರಿಸಿದ್ದೇನು?

ಹೈಸ್ಕೂಲು ಮೇಷ್ಟ್ರು (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಹೊರವಲಯದ ಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ವಾತಾವರಣದ ಒತ್ತಡದ ಪಾಠ ಬಂದಾಗ ಪ್ರತಿ ವರ್ಷ ನಾನು ಹೇಳುವುದು ಇಷ್ಟೇ: ಇಟಲಿಯ ವಿಜ್ಞಾನಿ ತೊರಿಚೆಲ್ಲಿ ಗಾಜಿನ ಕೊಳವೆಗೆ ಪಾದರಸ ತುಂಬಿ, ಪಾದರಸವಿದ್ದ ಬಟ್ಟಲಿನಲ್ಲಿ ಬೋರಲು ಹಾಕಿದ. ಪಾದರಸ ಇಳಿದು 76 ಸೆಂಟಿಮೀಟರಿಗೆ ನಿಂತಿತು. ಗಾಳಿಯ ಒತ್ತಡ ಪತ್ತೆಯಾಯಿತು. ಮಕ್ಕಳು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಎರಡು ಅಂಕ ಬರುತ್ತದೆ.

ಈ ಸಲ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ್, ಮೇಲೆ ಖಾಲಿ ಜಾಗ ಇದೆಯಲ್ಲ, ಅದೇ ಪಾದರಸವನ್ನು ಎಳೆದು ಹಿಡಿದುಕೊಂಡಿದೆ ಅಂತ ಯಾಕೆ ಅಂದುಕೊಳ್ಳಬಾರದು? ಗಾಳಿ ಕೆಳಗಿಂದ ತಳ್ಳುತ್ತಿದೆ ಅಂತ ಅವರಿಗೆ ಹೇಗೆ ಗೊತ್ತಾಯ್ತು?"

ನಾನು ಇಪ್ಪತ್ತು ವರ್ಷದಿಂದ ಈ ಪಾಠ ಮಾಡಿದ್ದೇನೆ. ಈ ಪ್ರಶ್ನೆ ನನಗೇ ಹುಟ್ಟಿರಲಿಲ್ಲ. "ಸೋಮವಾರ ಹೇಳ್ತೀನಮ್ಮ" ಅಂದು ಕೂರಿಸಿದೆ. ಅವಳಿಗೆ ಸರಿಯಾದ ಉತ್ತರ ಕೊಡಬೇಕು. ಬಲ್ಲವರು ದಯವಿಟ್ಟು ಹೇಳಿ.

ಪಂಪ್‌ಸೆಟ್ ರಿಪೇರಿ

ಮೇಷ್ಟ್ರೇ, ನಾನು ಓದಿರೋದು ಎಸ್ಸೆಸ್ಸೆಲ್ಸಿ. ಆದರೆ ಮೋಟರು ಬಿಚ್ಚಿ ಕಟ್ಟೋ ಕೆಲಸ ಇಪ್ಪತ್ತೆರಡು ವರ್ಷದಿಂದ ಮಾಡ್ತಾ ಇದ್ದೀನಿ. ಇಟಲಿ ವಿಷಯ ನನಗೆ ಗೊತ್ತಿಲ್ಲ, ಬಾವಿ ವಿಷಯ ಹೇಳ್ತೀನಿ.

ತೆರೆದ ಬಾವಿಗಳು ಇನ್ನೂ ಇದ್ದ ಕಾಲದಲ್ಲಿ ಬೇಸಿಗೆ ಬಂತು ಅಂದ್ರೆ ಒಂದೇ ದೂರು. "ಮೋಟರು ತಿರುಗ್ತದೆ, ನೀರು ಬರಲ್ಲ." ಹೋಗಿ ನೋಡಿದ್ರೆ ಬಾವಿ ನೀರು ಇಳಿದಿರ್ತಿತ್ತು, ಪಂಪು ದಡದ ಮೇಲೇ ಕೂತಿರ್ತಿತ್ತು. ಪೈಪಿನ ಬುಡದ ಫುಟ್ ವಾಲ್ವ್ ಸರಿ ಇದೆ, ಬಾವಿಯಿಂದ ಪಂಪಿಗೆ ನೀರು ತರೋ ಸಕ್ಷನ್ ಪೈಪಿನಲ್ಲಿ ಎಲ್ಲೂ ಗಾಳಿ ತಗೊಳ್ತಿಲ್ಲ, ನೀರು ತುಂಬಿಸಿಯೇ ಸ್ಟಾರ್ಟ್ ಮಾಡಿದ್ದಾರೆ. ಆದ್ರೂ ಬರಲ್ಲ. ಒಬ್ಬ ಯಜಮಾನರು ನನ್ನ ಮಾತು ಕೇಳದೆ 3 ಎಚ್‌ಪಿ ತೆಗೆದು 5 ಎಚ್‌ಪಿ ಕೂರಿಸಿದ್ರು. ಸಾಲ ಮಾಡಿ ತಂದಿದ್ದು. ಹನಿ ನೀರು ಜಾಸ್ತಿ ಬರಲಿಲ್ಲ. ಕೊನೆಗೆ ಬಾವಿ ಗೋಡೆಯಲ್ಲಿ ಕಲ್ಲು ಚಪ್ಪಡಿ ಕೂರಿಸಿ ಅದರ ಮೇಲೆ ಹಳೇ 3 ಎಚ್‌ಪಿ ಪಂಪನ್ನೇ ಇಳಿಸಿದ್ವಿ. ನೀರು ಧೋ ಅಂತ ಬಂತು.

ನಮ್ಮ ಕೆಲಸದಲ್ಲಿ ಲೆಕ್ಕ ಇಷ್ಟೇ. ಪಂಪಿಂದ ಕೆಳಗೆ ನೀರಿಗೆ ಇಪ್ಪತ್ತು, ಹೆಚ್ಚಂದ್ರೆ ಇಪ್ಪತ್ತೈದು ಅಡಿ. ಅದಕ್ಕಿಂತ ಕೆಳಗೆ ಹೋದ್ರೆ ಯಾವ ಕಂಪನಿ ಮೋಟರು ತಂದ್ರೂ ಆಗಲ್ಲ. ಪಂಪಿಂದ ಮೇಲಕ್ಕೆ ಮಾತ್ರ ಎಷ್ಟು ಅಡಿ ಬೇಕಾದ್ರೂ ಕಳಿಸಬಹುದು, ಎಚ್‌ಪಿ ಇದ್ರೆ ಸಾಕು. ಎಳೆಯೋದಕ್ಕೆ ಮಿತಿ ಇದೆ, ತಳ್ಳೋದಕ್ಕೆ ಇಲ್ಲ. ಯಾಕೆ ಅಂತ ನನಗೆ ಯಾರೂ ಹೇಳಿಕೊಟ್ಟಿಲ್ಲ.

ಹಳೇ ಪತ್ರಗಳು

ಪಂಪ್‌ಸೆಟ್ ಅಣ್ಣಾ, ನೀವು ಬರೆದದ್ದನ್ನು ಓದಿ ಮೈ ಜುಮ್ಮೆಂದಿತು. ಈ ಕತೆ ಶುರುವಾಗಿದ್ದೇ ನಿಮ್ಮಂಥವರ ದೂರಿನಿಂದ.

1630ರಲ್ಲಿ ಜಿನೋವಾದ ಜೊವಾನ್ನಿ ಬತ್ತಿಸ್ತಾ ಬಲಿಯಾನಿ ಎಂಬಾತ ಗೆಲಿಲಿಯೊಗೆ ಪತ್ರ ಬರೆದ. ಸುಮಾರು 21 ಮೀಟರ್ ಎತ್ತರದ ಗುಡ್ಡವೊಂದರ ಆಚೆಗೆ ಬಾಗಿದ ಕೊಳವೆಯಲ್ಲಿ, ಅಂದರೆ ಸೈಫನ್‌ನಲ್ಲಿ, ನೀರು ದಾಟಿಸಲು ಹೋಗಿದ್ದರು. ನೀರು ದಾಟಲಿಲ್ಲ. ಕಾರಣವೇನು ಎಂದು ಕೇಳಿದ್ದ. 1638ರಲ್ಲಿ ಅಚ್ಚಾದ ತನ್ನ ಕೊನೆಯ ದೊಡ್ಡ ಗ್ರಂಥದಲ್ಲಿ ಗೆಲಿಲಿಯೊ ಇಂಥದ್ದೇ ಇನ್ನೊಂದು ಪ್ರಸಂಗ ತರುತ್ತಾನೆ. ಬಾವಿಯ ಪಂಪು ಕೆಟ್ಟಿದೆ ಎಂದು ರಿಪೇರಿಯವನನ್ನು ಕರೆಸಿದರೆ, ಪಂಪಿನಲ್ಲಿ ದೋಷವಿಲ್ಲ, ನೀರು ತೀರ ಕೆಳಗಿಳಿದಿದೆ, 18 ಬ್ರಾಚಿಯೊಗಿಂತ ಒಂದು ಕೂದಲೆಳೆ ಹೆಚ್ಚಿದ್ದರೂ ನೀರೆತ್ತಲು ಆಗದು ಎಂದು ಆತ ಹೇಳುತ್ತಾನೆ. ಬ್ರಾಚಿಯೊ ಎಂದರೆ ನಮ್ಮ ಮೊಳದಂಥ ಅಳತೆ. 18 ಬ್ರಾಚಿಯೊ ಎಂದರೆ ಸುಮಾರು 10 ಮೀಟರ್. ನಿಮ್ಮ ಇಪ್ಪತ್ತೈದು ಅಡಿ ಕೆಲಸದಲ್ಲಿ ಸಿಗುವ ಮಿತಿ. ಪೈಪಿನ ತಿಕ್ಕಾಟ, ಸೋರಿಕೆ ಯಾವುದೂ ಇಲ್ಲದಿದ್ದರೆ ಸಮುದ್ರ ಮಟ್ಟದಲ್ಲಿ ಅದು 10.3 ಮೀಟರ್, ಅಂದರೆ 34 ಅಡಿ.

ಗೆಲಿಲಿಯೊ ಕೊಟ್ಟ ಕಾರಣ ತಪ್ಪಾಗಿತ್ತು. ಮೇಲಿಂದ ನೇತುಬಿಟ್ಟ ಹಗ್ಗ ತೀರ ಉದ್ದವಾದರೆ ತನ್ನ ಭಾರಕ್ಕೇ ಹರಿದುಹೋಗುವ ಹಾಗೆ, ನೀರಿನ ಕಂಬವೂ 18 ಬ್ರಾಚಿಯೊ ದಾಟಿದರೆ ತನ್ನ ಭಾರಕ್ಕೆ ತುಂಡಾಗುತ್ತದೆ ಎಂದ. ಅಂದರೆ ನೀರು ಮೇಲಿಂದ ನೇತಾಡುತ್ತಿದೆ, ಖಾಲಿ ಜಾಗ ಉಂಟಾಗಲು ಪ್ರಕೃತಿ ಒಪ್ಪದ ಕಾರಣ ಅದು ಎಳೆಯಲ್ಪಡುತ್ತಿದೆ ಎಂಬುದೇ ಅವನ ಚಿತ್ರ. ಮೇಷ್ಟ್ರೇ, ನಿಮ್ಮ ಹಿಂದಿನ ಬೆಂಚಿನ ಹುಡುಗಿ ನಿಂತಿರುವುದು ಗೆಲಿಲಿಯೊ ನಿಂತ ಜಾಗದಲ್ಲೇ. ಅವಳಿಗೆ ಇದನ್ನು ಖಂಡಿತ ಹೇಳಿ.

ಬಿಎಸ್ಸಿ ಎರಡನೇ ವರ್ಷ

ಒಂದು ಅನುಮಾನ. ಗಾಳಿಗೆ ತೂಕ ಇದೆ ಅಂತ ಗೆಲಿಲಿಯೊಗೆ ಗೊತ್ತಿತ್ತಲ್ಲವಾ? ಗೊತ್ತಿದ್ದೂ ಯಾಕೆ ಹೊಳೆಯಲಿಲ್ಲ?

ಹಳೇ ಪತ್ರಗಳು

ಗೊತ್ತಿತ್ತು. ಗಾಜಿನ ಬುರುಡೆಯಲ್ಲಿ ಗಾಳಿಯನ್ನು ಒತ್ತಿ ತುಂಬಿ ತೂಗಿದ್ದ. ನೀರಿನ 400ರಲ್ಲಿ ಒಂದು ಪಾಲು ಎಂದು ಅವನ ಲೆಕ್ಕ. ನಿಜವಾದದ್ದು ಅದರ ಅರ್ಧದಷ್ಟು, ಸುಮಾರು 800ರಲ್ಲಿ ಒಂದು. ಆದರೆ ಕೈಯಲ್ಲಿ ಹಿಡಿದು ತೂಗಿದ ಗಾಳಿಗೆ ಭಾರವಿದೆ ಎನ್ನುವುದು ಬೇರೆ, ನಮ್ಮ ತಲೆಯ ಮೇಲೆ ನಿಂತಿರುವ ಇಡೀ ಗಾಳಿ ಎಲ್ಲವನ್ನೂ ಅದುಮುತ್ತಿದೆ ಎನ್ನುವುದು ಬೇರೆ. ನೀರೊಳಗೆ ನೀರಿಗೆ ಭಾರವಿಲ್ಲ, ಗಾಳಿಯೊಳಗೆ ಗಾಳಿಗೆ ಭಾರವಿಲ್ಲ ಎಂಬುದು ಆ ಕಾಲದ ಪಂಡಿತರ ಸಾಮಾನ್ಯ ನಂಬಿಕೆ. ಬಾವಿಗೆ ಮುಳುಗಿ ಕೊಡ ಎತ್ತಿದವರಿಗೆಲ್ಲ ಗೊತ್ತು, ನೀರೊಳಗಿರುವ ತನಕ ತುಂಬಿದ ಕೊಡ ಹಗುರ. ಆ ಅನುಭವವೇ ದಾರಿ ತಪ್ಪಿಸಿತು.

ಅಂದಹಾಗೆ ಅದೇ 1630ರಲ್ಲಿ ಬಲಿಯಾನಿ ಗೆಲಿಲಿಯೊಗೆ ಮರುಪತ್ರ ಬರೆದು, ಇದು ಮೇಲಿರುವ ಗಾಳಿಯ ಭಾರದ ಕೆಲಸ ಇರಬಹುದು ಎಂದು ಸೂಚಿಸಿದ್ದ. ಮಾತು ಅಲ್ಲಿಗೇ ನಿಂತಿತು. ನನಗೆ ಬಲಿಯಾನಿಯ ಬಗ್ಗೆ ವಿಶೇಷ ಪ್ರೀತಿ. ಪಾಠಪುಸ್ತಕದಲ್ಲಿ ಅವನಿಗೆ ಒಂದು ಸಾಲು ಸಿಗಬೇಕಿತ್ತು.

ಮುಂದಿನದು ರೋಮ್‌ನಲ್ಲಿ. 1640ರಿಂದ 1643ರ ನಡುವೆ ಗಾಸ್ಪಾರೊ ಬೆರ್ತಿ ಎಂಬಾತ ತನ್ನ ಮನೆಯ ಮುಂಗೋಡೆಗೆ ಹತ್ತು ಮೀಟರಿಗಿಂತ ಉದ್ದದ ಸೀಸದ ಕೊಳವೆ ನಿಲ್ಲಿಸಿದ. ತುದಿಯಲ್ಲಿ ಗಾಜಿನ ಬುರುಡೆ, ಬುಡದಲ್ಲಿ ನೀರಿನ ಪೀಪಾಯಿ ಮತ್ತು ನಲ್ಲಿ. ಪೂರ್ತಿ ನೀರು ತುಂಬಿ, ಮೇಲ್ಬಾಯಿ ಮುಚ್ಚಿ, ಕೆಳಗಿನ ನಲ್ಲಿ ತಿರುಗಿಸಿದರು. ನೀರು ಸ್ವಲ್ಪ ಇಳಿದು 10 ಮೀಟರ್ ಆಸುಪಾಸಿನಲ್ಲಿ ನಿಂತುಬಿಟ್ಟಿತು. ಮೇಲಿನ ಜಾಗದಲ್ಲಿ ಏನಿದೆ ಎಂದು ತಿಳಿಯಲು ಒಳಗೆ ಗಂಟೆಯೊಂದನ್ನು ಇಟ್ಟು, ಹೊರಗಿನಿಂದ ಅಯಸ್ಕಾಂತ ಹಿಡಿದು ಬಾರಿಸಿದರು. ಸದ್ದು ಕೇಳಿತು. ಗಂಟೆ ಕೂತಿದ್ದ ಆಧಾರದ ಮೂಲಕವೂ ಸದ್ದು ಹರಿದು ಬರುತ್ತದೆ ಎಂಬುದು ಲೆಕ್ಕಕ್ಕೆ ಬರಲಿಲ್ಲ, ಹಾಗಾಗಿ ಒಳಗೆ ಗಾಳಿ ಇದೆ ಎಂದೇ ಹಲವರು ವಾದಿಸಿದರು.

ಹೈಸ್ಕೂಲು ಮೇಷ್ಟ್ರು

ಹಾಗಾದರೆ ತೊರಿಚೆಲ್ಲಿ ಹೊಸದಾಗಿ ಮಾಡಿದ್ದೇನು? ನೀರಿನ ಬದಲು ಪಾದರಸ ಹಾಕಿದ್ದಷ್ಟೇನಾ?

ಹಳೇ ಪತ್ರಗಳು

ಅಲ್ಲವೇ ಅಲ್ಲ ಮೇಷ್ಟ್ರೇ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಇದು ನನಗೆ ಬಹಳ ಹತ್ತಿರದ ವಿಷಯ.

ಇವಾಂಜೆಲಿಸ್ತಾ ತೊರಿಚೆಲ್ಲಿ ಹುಟ್ಟಿದ್ದು 1608ರಲ್ಲಿ. ರೋಮ್‌ನಲ್ಲಿ ಗೆಲಿಲಿಯೊನ ಶಿಷ್ಯ ಬೆನೆದೆತ್ತೊ ಕಾಸ್ತೆಲ್ಲಿಯ ಹತ್ತಿರ ಕಲಿತ. 1641ರ ಅಕ್ಟೋಬರಿನಲ್ಲಿ ಫ್ಲಾರೆನ್ಸಿನ ಹತ್ತಿರದ ಆರ್ಚೆತ್ರಿಗೆ, ಕಣ್ಣು ಕಳೆದುಕೊಂಡು ಗೃಹಬಂಧನದಲ್ಲಿದ್ದ ಗೆಲಿಲಿಯೊನ ಸಹಾಯಕ್ಕೆ ಹೋದ. ಮೂರೇ ತಿಂಗಳು. 1642ರ ಜನವರಿ 8ರಂದು ಗೆಲಿಲಿಯೊ ತೀರಿಕೊಂಡ. ಫ್ಲಾರೆನ್ಸನ್ನು ಆಳುತ್ತಿದ್ದ ಮೆದಿಚಿ ಮನೆತನದ ದೊರೆ ಅದೇ ಜಾಗಕ್ಕೆ ತೊರಿಚೆಲ್ಲಿಯನ್ನು ಗಣಿತಜ್ಞನನ್ನಾಗಿ ನೇಮಿಸಿಕೊಂಡ.

ಪಾದರಸ ನೀರಿಗಿಂತ 13.6 ಪಟ್ಟು ಭಾರ. ಕಂಬವನ್ನು ಎತ್ತಿ ಹಿಡಿದಿರುವುದು ಹೊರಗಿನ ಗಾಳಿಯ ಭಾರವೇ ಆಗಿದ್ದರೆ, ನೀರು ನಿಂತ ಎತ್ತರದ ಹದಿಮೂರು ಹದಿನಾಲ್ಕರಲ್ಲಿ ಒಂದು ಪಾಲಿಗೆ ಪಾದರಸ ನಿಲ್ಲಬೇಕು. ಕೊಳವೆ ತುಂಬುವ ಮೊದಲೇ ಉತ್ತರ ಗೊತ್ತಿತ್ತು. ಎರಡು ಬ್ರಾಚಿಯೊ ಉದ್ದದ ಗಾಜಿನ ಕೊಳವೆಯಲ್ಲಿ ಪ್ರಯೋಗವನ್ನು ಕೈಯಾರೆ ಮಾಡಿದ್ದು ಗೆಳೆಯ ವಿನ್ಚೆಂಜೊ ವಿವಿಯಾನಿ. ಪಾದರಸ ನಿಂತದ್ದು ಒಂದೂಕಾಲು ಬ್ರಾಚಿಯೊ ಮೇಲೆ ಒಂದು ಬೆರಳಿಗೆ. ನಮ್ಮ 76 ಸೆಂಟಿಮೀಟರ್ ಅದೇ.

ಈಗ ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ಬರೋಣ. 1644ರ ಜೂನ್ 11ರಂದು ರೋಮ್‌ನಲ್ಲಿದ್ದ ಗೆಳೆಯ ಮಿಕೆಲಾಂಜೆಲೊ ರಿಚ್ಚಿಗೆ ತೊರಿಚೆಲ್ಲಿ ಬರೆದ ಪತ್ರದಲ್ಲಿ ಒಂದಲ್ಲ, ಎರಡು ಕೊಳವೆಗಳ ಮಾತಿದೆ. ಒಂದರ ಮುಚ್ಚಿದ ತುದಿಯಲ್ಲಿ ದೊಡ್ಡ ಗಾಜಿನ ಬುರುಡೆ, ಇನ್ನೊಂದು ಉದ್ದಕ್ಕೂ ಒಂದೇ ಅಗಲ. ಎರಡನ್ನೂ ಒಂದೇ ಬಟ್ಟಲಿನಲ್ಲಿ ಬೋರಲು ಹಾಕಿದಾಗ ಪಾದರಸ ಇಳಿಯಿತು. ಬುರುಡೆಯಿದ್ದದ್ದರಲ್ಲಿ ಮೇಲೆ ದೊಡ್ಡ ಖಾಲಿ ಜಾಗ, ಇನ್ನೊಂದರಲ್ಲಿ ಸಣ್ಣದು. ಖಾಲಿ ಜಾಗವೇ ಎಳೆಯುವುದಾಗಿದ್ದರೆ, ಹೆಚ್ಚು ಖಾಲಿ ಇರುವ ಕಡೆ ಎಳೆತ ಹೆಚ್ಚಾಗಿ ಪಾದರಸ ಮೇಲೆ ನಿಲ್ಲಬೇಕಿತ್ತು. ಎರಡರಲ್ಲೂ ಮಟ್ಟ ಒಂದೇ! ಹಾಗಾದರೆ ಕಾರಣ ಕೊಳವೆಯ ಒಳಗಿಲ್ಲ, ಹೊರಗಿದೆ. ಬಟ್ಟಲಿನ ಪಾದರಸದ ಮೇಲೆ ಗಾಳಿ ಕೂತಿದೆ, ಕೊಳವೆಯೊಳಗಿನ ಪಾದರಸದ ಮೇಲೆ ಏನೂ ಕೂತಿಲ್ಲ. ತಕ್ಕಡಿಯ ಒಂದು ತಟ್ಟೆಯಲ್ಲಿ ಗಾಳಿ, ಇನ್ನೊಂದರಲ್ಲಿ ಪಾದರಸ. ಎರಡೂ ಸಮ ತೂಗಿದಲ್ಲಿ ಮಟ್ಟ ನಿಲ್ಲುತ್ತದೆ.

ಮೇಲಿನ ಜಾಗ ನಿಜಕ್ಕೂ ಖಾಲಿಯೇ ಎಂಬುದಕ್ಕೂ ಅದೇ ಪತ್ರದಲ್ಲಿ ಸಾಕ್ಷಿ ಇದೆ. ಬಟ್ಟಲಿನ ಪಾದರಸದ ಮೇಲೆ ನೀರು ಹುಯ್ದು, ಕೊಳವೆಯನ್ನು ಮೆಲ್ಲಗೆ ಎತ್ತಿದರು. ಬಾಯಿ ಪಾದರಸ ಬಿಟ್ಟು ನೀರಿನ ಪದರಕ್ಕೆ ಬಂದದ್ದೇ ತಡ, ಪಾದರಸ ಕೆಳಗೆ ಸುರಿದು, ನೀರು ರಭಸದಿಂದ ನುಗ್ಗಿ ಕೊಳವೆಯನ್ನು ತುದಿಯವರೆಗೂ ತುಂಬಿಬಿಟ್ಟಿತು. ಒಳಗೆ ಗಾಳಿ ಇದ್ದಿದ್ದರೆ ತುದಿಯವರೆಗೂ ತುಂಬುತ್ತಿರಲಿಲ್ಲ.

ಆ ಪತ್ರದ ಒಂದು ಸಾಲನ್ನು ಎಷ್ಟು ಸಲ ಓದಿದರೂ ತಣಿಯುವುದಿಲ್ಲ. ನಾವು ಗಾಳಿಯ ಕಡಲಿನ ತಳದಲ್ಲಿ ಮುಳುಗಿ ಬದುಕುತ್ತಿದ್ದೇವೆ ಎನ್ನುತ್ತಾನೆ ಆತ.

ಪಂಪ್‌ಸೆಟ್ ರಿಪೇರಿ

ಅಂದ್ರೆ ಪಂಪು ಎಳೆಯೋದೇ ಇಲ್ಲ ಅನ್ನಿ. ಪಂಪು ಒಳಗಿನ ಗಾಳಿ ಖಾಲಿ ಮಾಡಿ ದಾರಿ ಬಿಡುತ್ತೆ, ಬಾವಿ ನೀರನ್ನ ಹೊರಗಿನ ಗಾಳಿ ಅದುಮಿ ಪೈಪೊಳಗೆ ಏರಿಸುತ್ತೆ. ಗಾಳಿಗೆ ಇರೋ ಶಕ್ತಿ 34 ಅಡಿದು. 5 ಎಚ್‌ಪಿ ಹಾಕಿದ್ರೆ ಮೋಟರಿನ ಬಲ ಜಾಸ್ತಿ ಆಗುತ್ತೆ, ಗಾಳಿ ಬಲ ಜಾಸ್ತಿ ಆಗಲ್ಲ. ಆ ಯಜಮಾನರು ಈಗಿಲ್ಲ. ಇದ್ದಿದ್ರೆ ಇವತ್ತೇ ಹೋಗಿ ಹೇಳ್ತಿದ್ದೆ.

ಇನ್ನೊಂದು ಈಗ ಅರ್ಥ ಆಯ್ತು. ಊರ ಬೋರ್‌ವೆಲ್ ಕೈಪಂಪು ನೂರು ಅಡಿಗಿಂತ ಆಳದಿಂದ ನೀರು ಕೊಡುತ್ತಲ್ಲ, ಅದು ಹೇಗೆ ಅಂದ್ರೆ ಅದರ ಸಿಲಿಂಡರು, ವಾಷರು ಎಲ್ಲಾ ಕೆಳಗೆ ನೀರೊಳಗೇ ಇರುತ್ತೆ. ಮೇಲಿನ ಹಿಡಿಯಿಂದ ರಾಡ್ ಕೆಳಗಿನ ತನಕ ಹೋಗುತ್ತೆ. ಅದು ನೀರನ್ನ ಹೊತ್ತು ಎತ್ತೋದು. ಸಬ್‌ಮರ್ಸಿಬಲ್ ಕೂಡ ಕೆಳಗೆ ಕೂತು ತಳ್ಳೋದು.

ಬಿಎಸ್ಸಿ ಎರಡನೇ ವರ್ಷ

ಪ್ರಯೋಗ ಮಾಡಿದ್ದು ವಿವಿಯಾನಿ, ಗಾಳಿಯ ಭಾರ ಅಂತ ಮೊದಲು ಹೇಳಿದ್ದು ಬಲಿಯಾನಿ, ಕೊಳವೆ ಮೊದಲು ನಿಲ್ಲಿಸಿದ್ದು ಬೆರ್ತಿ. ಹೆಸರು ಮಾತ್ರ ತೊರಿಚೆಲ್ಲಿಗೆ. ಒತ್ತಡದ ಮಾನಕ್ಕೂ ಟಾರ್ ಅಂತ ಅವನದೇ ಹೆಸರು. ಇದು ನ್ಯಾಯವಾ?

ಹಳೇ ಪತ್ರಗಳು

ಬೆರ್ತಿಗೂ ಬಲಿಯಾನಿಗೂ ಅನ್ಯಾಯವಾಗಿದೆ ಎಂಬುದನ್ನು ಒಪ್ಪುತ್ತೇನೆ. ಆದರೆ ತೊರಿಚೆಲ್ಲಿಗೆ ಸಿಕ್ಕಿದ್ದು ಹೆಚ್ಚಾಯಿತು ಎನ್ನುವುದನ್ನು ಒಪ್ಪಲಾರೆ. ಬೆರ್ತಿಯ ಕೊಳವೆಯ ಸುತ್ತ ನಿಂತವರೆಲ್ಲ ಮೇಲಿನ ಬುರುಡೆಯನ್ನೇ ನೋಡುತ್ತಿದ್ದರು, ಅದರಲ್ಲೇನಿದೆ ಎಂದು ಜಗಳವಾಡುತ್ತಿದ್ದರು. ತೊರಿಚೆಲ್ಲಿ ಕೆಳಗಿನ ಬಟ್ಟಲನ್ನು ನೋಡಿದ. ಯಾವುದೇ ವಾದಕ್ಕೆ ಸಿಲುಕದ ಎರಡು ಕೊಳವೆಗಳ ಪರೀಕ್ಷೆ ಅವನ ತಲೆಯಿಂದಲೇ ಬಂದದ್ದು. ಇದನ್ನು ಆತ ಎಲ್ಲೂ ಅಚ್ಚು ಹಾಕಿಸಲಿಲ್ಲ. ರಿಚ್ಚಿಯ ಜೊತೆಗಿನ ಪತ್ರಗಳು ಮುದ್ರಣ ಕಂಡದ್ದು 1663ರಲ್ಲಿ, ಅವನು ತೀರಿಕೊಂಡ ಹದಿನಾರು ವರ್ಷದ ಮೇಲೆ.

ಧಾರವಾಡದಾಕಿ

ನಮಸ್ಕಾರ್ರೀ. ರಿಚ್ಚಿ ಹೆಸರು ಬಂತಲ್ಲ, ಅದಕ್ಕ ಬರೀಲಿಕ್ಹತ್ತೇನಿ. ಆ ಮನುಷ್ಯಾ ಸುಮ್ನ "ಹೌದು" ಅಂದಿಲ್ಲ. ಒಂದು ವಾರದಾಗ ತಿರುಗಿ ಪತ್ರ ಹಾಕಿ ಪ್ರಶ್ನಿ ಕೇಳ್ಯಾನ. ಬಟ್ಟಲಕ್ಕ ಮುಚ್ಚಳ ಹಾಕಿದ್ರ ಮ್ಯಾಲಿನ ಗಾಳಿ ಭಾರ ಬಟ್ಟಲಕ್ಕ ಮುಟ್ಟೂದs ಇಲ್ಲ, ಮುಚ್ಚಳದ ಮ್ಯಾಲ ನಿಲ್ಲತೈತಿ. ಅವಾಗ ಪಾದರಸ ಕೆಳಗ ಬೀಳಬೇಕಲ್ಲ? ಭಾಳ ಛೊಲೋ ಪ್ರಶ್ನಿರೀ ಇದು. ನಾನೂ ಹತ್ತು ಸಲ ವಿಚಾರ ಮಾಡೇನಿ.

ಜೂನ್ 28ಕ್ಕ ತೊರಿಚೆಲ್ಲಿ ಉತ್ತರ ಕೊಟ್ಟಾನ. ಉಣ್ಣಿ ಇಟಗೊಂಡು ಹೇಳ್ಯಾನ. ಎತ್ತರಕ್ಕ ಒಟ್ಟಿದ ಉಣ್ಣಿ ರಾಶಿ ಮ್ಯಾಲ ಭಾರ ಬಿದ್ರ ತಳದ ಉಣ್ಣಿ ಒತ್ತಿಕೊಂಡಿರ್ತದ. ನಡುವ ಒಂದು ಕಬ್ಬಿಣದ ತಗಡು ಅಡ್ಡ ತೂರಿಸಿದ್ರೂ, ತಗಡಿನ ಕೆಳಗಿನ ಉಣ್ಣಿ ಮೊದ್ಲ ಹೆಂಗ ಒತ್ತಿಕೊಂಡಿತ್ತೋ ಹಂಗs ಇರ್ತದ, ಅಷ್ಟs ಜೋರ್ಲೆ ತಳಾ ಒತ್ತತದ.

ನಮ್ಮಪ್ಪಾರು ಜಿನ್ನಿಂಗ್ ಫ್ಯಾಕ್ಟರ್ಯಾಗ ಕೆಲಸಕ್ಕಿದ್ರು. ಸಣ್ಣಾಕಿದ್ದಾಗ ಬುತ್ತಿ ಒಯ್ಯಾಕ ಹೋಗಿ ಹತ್ತಿ ಅಂಡಗಿ ಕಟ್ಟೂದು ನೋಡ್ಕೋತ ನಿಂದರ್ತಿದ್ದೆ. ಪ್ರೆಸ್ಸಿನ್ಯಾಗ ಹತ್ತಿ ಒತ್ತಿ ಒತ್ತಿ ತುಂಬತಾರ, ಪಟ್ಟಿ ಬಿಗೀತಾರ. ಪ್ರೆಸ್ ಮ್ಯಾಲ ಎತ್ತಿದ್ರೂ ಒಳಗಿನ ಹತ್ತಿ ಸಡ್ಲ ಆಗೂದಿಲ್ಲ. ಒಂದು ಪಟ್ಟಿ ಕಡದ್ರ ಮಾತ್ರ ಭುಸ್ ಅಂತ ಉಬ್ಬತದ. ಮುಚ್ಚಳದ ಒಳಗಿನ ಗಾಳಿನೂ ಹಂಗs. ಮುಚ್ಚೂ ಮೊದ್ಲ ಮ್ಯಾಲಿನ ಭಾರಕ್ಕ ಒತ್ತಿಕೊಂಡಿತ್ತು, ಮುಚ್ಚಿದ ಮ್ಯಾಲ ಅಂಡಗಿ ಹಂಗ ಆ ಒತ್ತಡ ಹಿಡಕೊಂಡ ಕೂಡತದ. ಅದಕ್ಕs ಮನಿ ಒಳಗ ಬಾಗಲಾ ಹಾಕ್ಕೊಂಡ ಅಳದ್ರೂ ಅಷ್ಟs, ಅಂಗಳದಾಗ ಅಳದ್ರೂ ಅಷ್ಟs. ಮಕ್ಕಳಿಗೆ ಈ ಹತ್ತಿ ಮಾತು ಹೇಳ್ರಿ ಮೇಷ್ಟ್ರ, ಲಗೂನ ತಿಳೀತದ.

ಹೈಸ್ಕೂಲು ಮೇಷ್ಟ್ರು

ಅಕ್ಕಾವ್ರೇ, ಇದು ನಾಳೆಯೇ ತರಗತಿಗೆ ಹೋಗುತ್ತದೆ. ಇನ್ನೊಬ್ಬ ಹುಡುಗ ಕೇಳಿದ್ದ, "ಅಂಗೈ ಮೇಲೆ ನೂರು ಕೆಜಿ ಗಾಳಿ ಕೂತಿದ್ದರೆ ಕೈ ಯಾಕೆ ಕುಸಿಯಲ್ಲ" ಅಂತ. ಅಂಗೈ ಕೆಳಗಿನ ಗಾಳಿಯೂ ಅಂಡಗಿಯ ಹತ್ತಿಯಂತೆ ಅಷ್ಟೇ ಬಲದಿಂದ ಮೇಲಕ್ಕೆ ಒತ್ತುತ್ತಿದೆ ಎಂದು ಈಗ ಹೇಳಬಲ್ಲೆ.

ಕರಾವಳಿ ಮಳೆ

ನಮ್ಮಲ್ಲಿ ಮಳೆಗಾಲದಲ್ಲಿ ದಿನಾ ಪೇಪರಿನಲ್ಲಿ "ವಾಯುಭಾರ ಕುಸಿತ" ಅಂತ ಓದುವುದುಂಟಲ್ಲ, ಆ ಶಬ್ದದ ಬೇರು ಇದೇ ಪತ್ರದಲ್ಲಿ ಉಂಟು ಅಂತ ಎಷ್ಟು ಜನರಿಗೆ ಗೊತ್ತುಂಟು? ಬರೇ ಖಾಲಿ ಜಾಗ ಮಾಡಿ ತೋರಿಸುವುದು ತನ್ನ ಉದ್ದೇಶ ಅಲ್ಲ, ಗಾಳಿ ಒಮ್ಮೆ ಭಾರವಾಗಿ ಒಮ್ಮೆ ಹಗುರವಾಗಿ ಬದಲಾಗುವುದನ್ನು ತೋರಿಸುವ ಒಂದು ಸಾಧನ ಮಾಡಬೇಕು ಅಂತ ತೊರಿಚೆಲ್ಲಿ ರಿಚ್ಚಿಗೆ ಸ್ಪಷ್ಟ ಬರೆದಿದ್ದಾನೆ. ಆದರೆ ಅದು ತನಗೆ ಕೈಗೂಡಲಿಲ್ಲ, ಬಿಸಿಗೂ ತಂಪಿಗೂ ಮಟ್ಟ ಹೆಚ್ಚುಕಡಿಮೆ ಆಗ್ತದೆ ಅಂತ ಬೇಸರವನ್ನೂ ಬರೆದಿದ್ದಾನೆ. ಈಗ ನಾವು ವಾಯುಭಾರಮಾಪಕದ ಓದಿಗೆ ಉಷ್ಣತೆಯ ತಿದ್ದುಪಡಿ ಮಾಡಿಯೇ ಲೆಕ್ಕ ಹಾಕುವುದು.

ಡಾಕ್ಟ್ರು ಬಿ.ಪಿ. 120/80 ಅಂತ ಬರೆಯುತ್ತಾರಲ್ಲ, ಅದು ಪಾದರಸದ ಮಿಲಿಮೀಟರಿನಲ್ಲೇ. ನಾಲ್ಕು ಶತಮಾನದ ಹತ್ತಿರ ಬಂತು, ಆ ಕೊಳವೆ ಇನ್ನೂ ನಮ್ಮ ಚೀಟಿಯಲ್ಲಿ ಉಂಟು.

ಬಿಎಸ್ಸಿ ಎರಡನೇ ವರ್ಷ

ಬೆಟ್ಟದ ಮೇಲೆ ಗಾಳಿ ಹಗುರ ಅನ್ನೋ ಸುಳಿವೂ ತೊರಿಚೆಲ್ಲಿ ಪತ್ರದಲ್ಲೇ ಇದೆಯಂತೆ. ಆದರೆ ಹತ್ತಿ ನೋಡಿದ್ದು ಫ್ರಾನ್ಸಿನವರು. 1648ರ ಸೆಪ್ಟೆಂಬರ್ 19, ಪ್ವಿ ದ ದೋಮ್ ಬೆಟ್ಟ. ಬ್ಲೇಸ್ ಪ್ಯಾಸ್ಕಲ್ ಹೇಳಿ ಕಳಿಸಿದ್ದು, ಹತ್ತಿದ್ದು ಅವನ ಭಾವ ಫ್ಲೋರೆಂ ಪೆರಿಯೆ. ಕ್ಲೆರ್ಮೋಂನ ಮಠದ ತೋಟದಲ್ಲಿ ಒಂದು ಕೊಳವೆ ಬಿಟ್ಟು, ದಿನವಿಡೀ ಅದರ ಮೇಲೆ ಕಣ್ಣಿಡಲು ಒಬ್ಬ ಪಾದ್ರಿಯನ್ನ ಕೂರಿಸಿ, ಇನ್ನೊಂದನ್ನ ಹೊತ್ತು ಹೋದರು. ತೋಟದಲ್ಲಿ ಫ್ರೆಂಚ್ ಅಳತೆಯಲ್ಲಿ 26 ಅಂಗುಲ ಮೂರೂವರೆ ಗೆರೆ, ಅಂದರೆ ಸುಮಾರು 71 ಸೆಂ.ಮೀ. ತುದಿಯಲ್ಲಿ 23 ಅಂಗುಲ 2 ಗೆರೆ, ಸುಮಾರು 62.7. ಎಂಟೂವರೆ ಸೆಂ.ಮೀ. ಕಮ್ಮಿ! ತುದಿಯಲ್ಲಿ ಗುಡಿಯ ಒಳಗೆ, ಬಯಲಲ್ಲಿ, ಗಾಳಿಯಲ್ಲಿ, ಮಂಜಿನಲ್ಲಿ ಅಂತ ಐದು ಸಲ ಅಳೆದರು, ಅಷ್ಟೇ ಬಂತು. ಕೆಳಗೆ ತೋಟದಲ್ಲಿದ್ದದ್ದು ಇಡೀ ದಿನ ಅಲ್ಲಾಡಿರಲಿಲ್ಲ.

ನಾನು ಇದನ್ನ ಓದಿದ ಮೇಲೆ ಚಿಕ್ಕಮಗಳೂರಿನ ಪೇಟೆಯಲ್ಲೂ ಮುಳ್ಳಯ್ಯನಗಿರಿ ತುದಿಯಲ್ಲೂ ಫೋನಿನ ಸೆನ್ಸರಿನಿಂದ ಒತ್ತಡ ನೋಡಿದೆ. ಪೇಟೆಯಲ್ಲಿ ಸುಮಾರು 890 ಹೆಕ್ಟೊಪ್ಯಾಸ್ಕಲ್, 1,930 ಮೀಟರ್ ತುದಿಯಲ್ಲಿ ಸುಮಾರು 807. ಪಾದರಸದ ಲೆಕ್ಕಕ್ಕೆ ತಂದರೆ ಆರು ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸ. ತುದಿಯ ಮೆಟ್ಟಿಲ ಮೇಲೆ ಕೂತು ಆ ಅಂಕಿ ನೋಡಿದಾಗ ಕಣ್ಣು ತುಂಬಿ ಬಂತು, ನಿಜವಾಗಿ.

ಹಳೇ ಪತ್ರಗಳು

ಆ ಬೆಟ್ಟದ ಸುದ್ದಿ ತೊರಿಚೆಲ್ಲಿಗೆ ತಲುಪಲೇ ಇಲ್ಲ ತಮ್ಮಾ. 1647ರ ಅಕ್ಟೋಬರ್ 25ರಂದು ಆತ ಫ್ಲಾರೆನ್ಸಿನಲ್ಲಿ ತೀರಿಕೊಂಡಿದ್ದ. ಮೂವತ್ತೊಂಬತ್ತು ವರ್ಷ. ಇನ್ನೊಂದು ವರ್ಷ ಇದ್ದಿದ್ದರೆ ಎಂದು ನನಗೆ ಪ್ರತಿ ಸಲ ಸಂಕಟವಾಗುತ್ತದೆ.

ಹೈಸ್ಕೂಲು ಮೇಷ್ಟ್ರು

ಮಕ್ಕಳಿಗೆ ಮಾಡಿಯೇ ತೋರಿಸಬೇಕು ಅನ್ನಿಸಿದೆ. ಪಾದರಸ ಬೇಡ, ಅದರ ಆವಿ ವಿಷ, ತರಗತಿಯಲ್ಲಿ ಚೆಲ್ಲಿದರೆ ಬಳಿಯುವುದಕ್ಕೂ ಆಗದು. ಬೆರ್ತಿಯ ಹಾಗೆ ನೀರಿನಲ್ಲೇ ಮಾಡೋಣ ಅಂತ. ನನ್ನ ತಮ್ಮನ ಮನೆ ನಾಲ್ಕು ಅಂತಸ್ತು, ತಾರಸಿಯ ಮೇಲೆ ನೀರಿನ ಟ್ಯಾಂಕಿನ ಕಟ್ಟೆ ಇದೆ. 14 ಮೀಟರ್ ಪಾರದರ್ಶಕ ಪೈಪು ತಂದಿದ್ದೇನೆ. ಭಾನುವಾರ ನೋಡೋಣ.

ಹೈಸ್ಕೂಲು ಮೇಷ್ಟ್ರು

ಮೊದಲ ಸಲ ಆಗಲಿಲ್ಲ. ಪೈಪಿಗೆ ಪೂರ್ತಿ ನೀರು ತುಂಬಿ, ಒಂದು ತುದಿಗೆ ಬಿರಡೆ ಬಡಿದು ಕ್ಲಿಪ್ಪು ಬಿಗಿದು, ಹಗ್ಗ ಕಟ್ಟಿ ತಾರಸಿಯಿಂದ ಎಳೆದೆವು. ಕೆಳಗಿನ ತುದಿ ನೀರಿನ ಟಬ್ಬಿನಲ್ಲಿ ಮುಳುಗಿತ್ತು. ಮೂರನೇ ಅಂತಸ್ತಿನ ಹತ್ತಿರ ಬರುವಷ್ಟರಲ್ಲಿ ಪೈಪಿನ ಮೇಲ್ಭಾಗ ಯಾರೋ ಬೆರಳಲ್ಲಿ ಹಿಸುಕಿದ ಹಾಗೆ ಒಳಕ್ಕೆ ಹೋಯಿತು. ಮೇಲೆ ಎಳೆದಷ್ಟೂ ಪೈಪು ಚಪ್ಪಟೆಯಾಗಿ, ಒಣಗಿದ ಬಾಳೆಪಟ್ಟೆಯಂತೆ ಎರಡೂ ಬದಿ ಅಂಟಿಕೊಂಡಿತು. ಮಟ್ಟ ಎಲ್ಲಿದೆ ಅಂತ ಅಳೆಯಲೇ ಆಗಲಿಲ್ಲ.

ಪಂಪ್‌ಸೆಟ್ ರಿಪೇರಿ

ಮೇಷ್ಟ್ರೇ, ಗಿಡಕ್ಕೆ ನೀರು ಬಿಡೋ ಪೈಪು ನೀರು ತಳ್ಳೋ ಡೆಲಿವರಿಗೆ ಸರಿ, ಸಕ್ಷನ್‌ಗೆ ನಿಲ್ಲಲ್ಲ. ಹೊರಗಿನ ಗಾಳಿ ಅದನ್ನ ಅಮುಕಿಬಿಡುತ್ತೆ. ಒಳಗೆ ಸ್ಟೀಲ್ ತಂತಿ ಸುತ್ತಿರೋ ಪಾರದರ್ಶಕ ಪೈಪು ಸಿಗುತ್ತೆ, ಅದು ತಗೊಳ್ಳಿ. ಬಿರಡೆಗೆ ಎರಡು ಕ್ಲಿಪ್ಪು ಹಾಕಿ, ಒಂದು ಕೂದಲಷ್ಟು ಗಾಳಿ ತಗೊಂಡ್ರೂ ಲೆಕ್ಕ ಕೆಡುತ್ತೆ. ನೀರು ಕುದಿಸಿ ಆರಿಸಿ ತುಂಬಿ, ಹಸಿ ನೀರಲ್ಲಿ ಗಾಳಿ ಕರಗಿರುತ್ತೆ. ಮುಂದಿನ ಭಾನುವಾರ ನಾನೂ ಬರ್ತೀನಿ, ಹಗ್ಗ ನಾನು ಹಿಡೀತೀನಿ. ಮಕ್ಕಳನ್ನ ತಾರಸಿ ಅಂಚಿಗೆ ಬಿಡಬೇಡಿ.

ಕರಾವಳಿ ಮಳೆ

ಬೆಂಗಳೂರಿನಲ್ಲಿ 10.3 ಮೀಟರ್ ಬರುವುದಿಲ್ಲ, ಮೊದಲೇ ಮಕ್ಕಳಿಗೆ ಹೇಳಿಡಿ. ಸಮುದ್ರ ಮಟ್ಟದಿಂದ 920 ಮೀಟರ್ ಮೇಲೆ ಗಾಳಿಯ ಭಾರ ಸುಮಾರು ಹತ್ತರಲ್ಲಿ ಒಂಬತ್ತು ಪಾಲು. ಅಂದರೆ 9.25 ಮೀಟರ್. ಮೇಲಿನ ಖಾಲಿ ಜಾಗದಲ್ಲಿ ನೀರಾವಿ ಸೇರಿಕೊಂಡು 25 ಡಿಗ್ರಿಯಲ್ಲಿ ಮೂವತ್ತು ಸೆಂಟಿಮೀಟರಿನಷ್ಟು ಕೆಳಗೆ ಒತ್ತುತ್ತದೆ. 8.9ರ ಹತ್ತಿರ ಬಂದರೆ ನಿಮ್ಮ ಪ್ರಯೋಗ ಗೆದ್ದ ಹಾಗೆ.

ಹೈಸ್ಕೂಲು ಮೇಷ್ಟ್ರು

ಇವತ್ತು ಆಯಿತು! ಹನ್ನೊಂದು ಮಕ್ಕಳು ಬಂದಿದ್ದರು, ಅಪ್ಪ ಅಮ್ಮಂದಿರ ಒಪ್ಪಿಗೆ ಪಡೆದು. ಪಂಪ್‌ಸೆಟ್ ಅಣ್ಣ ಅರವತ್ತು ಕಿಲೋಮೀಟರ್ ಬೈಕಿನಲ್ಲಿ ಬಂದರು. ಆರಿದ ನೀರಿಗೆ ಒಂದು ಚಿಟಿಕೆ ಕೆಂಪು ಬಣ್ಣ ಹಾಕಿ ತುಂಬಿದೆವು, ಹೆಚ್ಚಾದ ಪೈಪನ್ನು ಟಬ್ಬಿನ ನೀರಲ್ಲಿ ಸುತ್ತಿಟ್ಟೆವು. ಅಣ್ಣ ಮೇಲಿಂದ ಹಗ್ಗ ಎಳೆಯತೊಡಗಿದರು. ಒಂದನೇ ಅಂತಸ್ತು, ಎರಡನೇದು, ಕೆಂಪು ನೀರು ಬಿರಡೆಗೆ ಅಂಟಿಕೊಂಡೇ ಹೋಗುತ್ತಿತ್ತು. ಮೂರನೇ ಅಂತಸ್ತಿನ ಕಿಟಕಿ ಹತ್ತಿರ ಒಂದು ಗುಳ್ಳೆ ಕಾಣಿಸಿತು. ಆಮೇಲೆ ಪೈಪು ಮೇಲೆ ಹೋಗುತ್ತಲೇ ಇತ್ತು, ನೀರು ಅಲ್ಲೇ ನಿಂತುಬಿಟ್ಟಿತು. ಮಕ್ಕಳು ಕೂಗಿದ ಕೂಗಿಗೆ ಪಕ್ಕದ ಮನೆಯವರು ಹೊರಗೆ ಬಂದರು.

ಟೇಪು ಇಳಿಬಿಟ್ಟು ಅಳೆದೆವು. ಟಬ್ಬಿನ ನೀರಿನಿಂದ 8 ಮೀಟರ್ 74 ಸೆಂಟಿಮೀಟರ್. ಮೇಲೆ ಒಂದು ಮೀಟರಿನಷ್ಟು ಖಾಲಿ ಇತ್ತು. ಆಗ ಹಿಂದಿನ ಬೆಂಚಿನ ಹುಡುಗಿಗೆ ಕೇಳಿದೆ, "ಈಗ ಇನ್ನೂ ಎಳೆದು ಖಾಲಿ ಜಾಗವನ್ನು ಮೂರೂವರೆ ಮೀಟರ್ ಮಾಡ್ತೀವಿ. ನೀರು ಏನಾಗುತ್ತೆ?" ಅವಳು ಸ್ವಲ್ಪ ಹೊತ್ತು ಪೈಪನ್ನೇ ನೋಡಿದಳು. "ಖಾಲಿ ಜಾಗ ಎಳೀತಿದ್ರೆ ಏರಬೇಕು ಸರ್. ಗಾಳಿ ತಳ್ಳುತ್ತಿದ್ರೆ ಅಲ್ಲೇ ಇರಬೇಕು."

ಅಣ್ಣ ಟ್ಯಾಂಕಿನ ಕಟ್ಟೆ ಹತ್ತಿ ಮತ್ತೆ ಎಳೆದರು. ಅವಳೇ ಕಿಟಕಿಯ ಒಳಗಿನಿಂದ ಗೋಡೆಗೆ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡಿದ್ದಳು. ನೀರು ಗುರುತು ಬಿಟ್ಟು ಮೇಲೆ ಹೋಗಲಿಲ್ಲ.

ಅರ್ಧ ಗಂಟೆಯಲ್ಲಿ ಮಟ್ಟ 8.6ಕ್ಕೆ ಇಳಿಯಿತು, ನೀರಿನಿಂದ ಸಣ್ಣ ಗುಳ್ಳೆಗಳು ಏಳುತ್ತಲೇ ಇದ್ದವು. ಇನ್ನೂ ಚೆನ್ನಾಗಿ ಕುದಿಸಬೇಕಿತ್ತೇನೋ. ಬಿಚ್ಚುವ ಮೊದಲು ಅಣ್ಣ ಕ್ಲಿಪ್ಪು ಸಡಿಲಿಸಿ ಬಿರಡೆ ತೆಗೆದರು. ಸುಯ್ ಅಂತ ಗಾಳಿ ಒಳಗೆ ಹೋದ ಸದ್ದು ನೆಲದ ಮೇಲಿದ್ದ ನಮಗೂ ಕೇಳಿತು, ಮೂರು ಅಂತಸ್ತಿನ ನೀರು ಒಮ್ಮೆಗೇ ಟಬ್ಬಿಗೆ ಬಿದ್ದು ನನ್ನ ಪ್ಯಾಂಟು ಮೊಣಕಾಲಿನ ತನಕ ಕೆಂಪಾಯಿತು.

ಧಾರವಾಡದಾಕಿ

ಮೇಷ್ಟ್ರ, ಆ ಪೆನ್ಸಿಲ್ ಗುರ್ತು ಅಳಸಬ್ಯಾಡ್ರಿ. ಪಕ್ಕಕ್ಕ ತಾರೀಖ ಬರದಿಡ್ರಿ. ಮಳಿಗಾಲದಾಗ ಮತ್ತೊಮ್ಮೆ ಏರಿಸಿ ನೋಡ್ರಿ, ಆ ಹುಡುಗೀನ್ನs ಕರೀರಿ.